ಬ್ರೇಕ್ ಸರಿಯಿದೆ ಎಂದು ಬರೆದದ್ದು ನಾನೇ

ವಾಮದಪದವು
೩ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ದೀಕ್ಷಾ,

ಇನ್ನು ಫೋನ್ ಎತ್ತುವುದಿಲ್ಲ ಎಂದು ನೀನು ಹೇಳಿದ ಮೇಲೆ ನಾನು ಮಾಡಿಲ್ಲ. ಕಾಗದವಾದರೆ ಹರಿಯುವ ಮೊದಲು ಒಮ್ಮೆ ಓದುತ್ತೀ ಎಂದುಕೊಂಡು ಬರೆಯುತ್ತಿದ್ದೇನೆ. ನೀನು ಕೋರ್ಟಿನಿಂದ ನಮ್ಮ ಲಾರಿಯ ರಿಜಿಸ್ಟರಿನ ನಕಲು ತರಿಸಿ, ಅದರ ಫೋಟೋ ಕಳುಹಿಸಿ, ಇದು ನಿನ್ನ ಅಕ್ಷರವಾ ಎಂದು ಕೇಳಿದ್ದೆ. ಹೌದು ಮಗಳೇ, ನನ್ನದೇ.

ನೀನು ಆಗ ಹಾಸ್ಟೆಲಿನಲ್ಲಿದ್ದೆ. ನಿನಗೆ ಗೊತ್ತಿರುವುದು ಅಪ್ಪ ಹೇಳಿದ್ದು ಮಾತ್ರ. ಆದದ್ದನ್ನು ಹೇಳುತ್ತೇನೆ.

ಅಪಘಾತದ ದಿನ ಬೆಳಿಗ್ಗೆ ಏಳು ಗಂಟೆಗೆ ಅಪ್ಪ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ಡ್ರೈವರ್ ಅಸ್ಕರನ ಫೋನ್ ಬಂತು. ಅಪ್ಪನಿಗೆ ಕಿವಿ ಸ್ವಲ್ಪ ಮಂದವಲ್ಲವೇ, ಸ್ಪೀಕರಿಗೆ ಹಾಕಿಯೇ ಮಾತಾಡುವುದು. "ಧಣಿ, ಬ್ರೇಕ್ ಸರಿ ಹಿಡಿಯುವುದಿಲ್ಲ. ಮೊನ್ನೆಯೂ ಹೇಳಿದ್ದೆ. ಕೆಂಪುಕಲ್ಲು ಬೇರೆ ಜಾಸ್ತಿ ಹೇರಿದ್ದಾರೆ" ಎಂದ. ಅಪ್ಪ ಸಿಟ್ಟು ಮಾಡಲಿಲ್ಲ. ನಗುತ್ತಲೇ ಹೇಳಿದರು: "ಇದೊಂದು ಲೋಡು ಮೂಡುಬಿದಿರೆಗೆ ಮುಟ್ಟಿಸು ಮಾರಾಯ, ಅವರು ಕಾಯ್ತಾ ಇದ್ದಾರೆ. ನಾಳೆ ಗ್ಯಾರೇಜಿಗೆ ಬಿಡುವ." ನಾನು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದೆ. ಶಾಲೆಗೆ ಹೊತ್ತಾಗಿತ್ತು.

ಒಂಬತ್ತು ಗಂಟೆಗೆ ಸಿದ್ಧಕಟ್ಟೆಯ ಆಚೆ ಇಳಿಜಾರಿನಲ್ಲಿ ಲಾರಿ ನಿಲ್ಲಲಿಲ್ಲ. ಎದುರಿನಿಂದ ಶಾಲಾ ಮಕ್ಕಳ ವ್ಯಾನು ಬರುತ್ತಿತ್ತಂತೆ. ಅಸ್ಕರ್ ಎಡಕ್ಕೆ ತಿರುಗಿಸಿದ. ಎಡಕ್ಕೆ ಬಸ್ ನಿಲ್ದಾಣವಿತ್ತು, ಅಲ್ಲಿ ಫಿದಾ ಒಬ್ಬಳೇ ನಿಂತಿದ್ದಳು. ಮೂಸಬ್ಬನವರ ಕಿರಿ ಮಗಳು, ಪಿಯುಸಿ ಎರಡನೇ ವರ್ಷ. ಲಾರಿ ಚರಂಡಿಗೆ ಮಗುಚಿತು. ಕಲ್ಲುಗಳ ಅಡಿಯಿಂದ ಅವಳನ್ನು ತೆಗೆಯಲು ಮುಕ್ಕಾಲು ಗಂಟೆ ಬೇಕಾಯಿತು, ಅಷ್ಟರಲ್ಲಿ ಜೀವ ಹೋಗಿತ್ತು. ಅಸ್ಕರ್ ಮುರಿದ ಮೊಣಕೈಯಲ್ಲೇ ಕಲ್ಲು ಎತ್ತುತ್ತಿದ್ದ ಎಂದು ನೋಡಿದವರು ಹೇಳಿದರು.

ಸಂಜೆ ವಕೀಲರು ಮನೆಗೆ ಬಂದರು. ಕೆಟ್ಟ ಗಾಡಿಯನ್ನು ಗೊತ್ತಿದ್ದೂ ರಸ್ತೆಗೆ ಬಿಟ್ಟರೆ ಮಾಲೀಕನೂ ಹೊಣೆ, ಮಿತಿ ಮೀರಿ ಲೋಡು ಹೇರಿಸಿದರೂ ಹೊಣೆ ಎಂದರು. ಬ್ರೇಕ್ ರಿಪೇರಿ ಮಾಡಿಸಿದ್ದಕ್ಕೆ, ಜಾಸ್ತಿ ಹೇರಬಾರದೆಂದು ಡ್ರೈವರಿಗೆ ಹೇಳಿದ್ದಕ್ಕೆ ಏನಾದರೂ ಬರವಣಿಗೆ ಉಂಟಾ ಎಂದು ಕೇಳಿದರು. ಇರಲಿಲ್ಲ. ಅಪ್ಪ ನನ್ನ ಮುಖ ನೋಡಿದರು. "ನೀನು ಬರೆ. ನಾನು ಬರೆದರೆ ಓದ್ಲಿಕ್ಕೆ ಆಗುವುದಿಲ್ಲ" ಎಂದರು.

ಒಂದು ರಿಜಿಸ್ಟರಿನಲ್ಲಿ ಹಿಂದಿನ ಮೂರು ತಿಂಗಳ ದಿನಾಂಕಗಳನ್ನು ಹಾಕಿ, ಬ್ರೇಕ್ ಸರಿಯಿದೆ, ಜಾಸ್ತಿ ಹೇರಬಾರದೆಂದು ಡ್ರೈವರಿಗೆ ಹೇಳಿದೆ ಎಂದು ಬರೆದೆ. ಒಂದೇ ದಿನ ಬರೆದದ್ದೆಂದು ಕಾಣಬಾರದಲ್ಲ, ಅದಕ್ಕೆ ಮೂರು ಬೇರೆ ಬೇರೆ ಪೆನ್ನು ಹಿಡಿದೆ. ಒಂದು ಕಡೆ ಕಾಫಿಯ ಕಲೆಯನ್ನೂ ಮಾಡಿದೆ. ಅದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ.

ಲಾರಿ ಪರೀಕ್ಷೆ ಮಾಡಿದವರು, ಮಗುಚಿದಾಗ ಬ್ರೇಕಿನ ಪೈಪುಗಳೆಲ್ಲ ಕಿತ್ತುಹೋದ್ದರಿಂದ ಮೊದಲು ಹೇಗಿತ್ತೆಂದು ಹೇಳಲಾಗದು ಎಂದು ಬರೆದರು. ಕಲ್ಲುಗಳನ್ನು ಯಾರೂ ತೂಗಲಿಲ್ಲ. ಉಳಿದದ್ದು ನನ್ನ ರಿಜಿಸ್ಟರ್. ಅಸ್ಕರನಿಗೂ ವಕೀಲರನ್ನು ಇಟ್ಟುಕೊಟ್ಟದ್ದು ಅಪ್ಪನೇ. ಬ್ರೇಕಿನ ಸುದ್ದಿ ಎತ್ತಬೇಡ, ಗೊತ್ತಿದ್ದೂ ಓಡಿಸಿದೆ ಎಂದಾಗಿ ಶಿಕ್ಷೆ ಜಾಸ್ತಿಯಾಗ್ತದೆ ಎಂದು ಆ ವಕೀಲರು ಹೆದರಿಸಿದರಂತೆ. ಒಂಬತ್ತು ವರ್ಷ ನಮ್ಮಲ್ಲಿ ದುಡಿದವನು, ಧಣಿ ಕೈಬಿಡಲಿಕ್ಕಿಲ್ಲ ಎಂದು ನಂಬಿದ.

ನಾನು ಕಟಕಟೆಗೆ ಹತ್ತಿ, ಇದು ಆಯಾ ದಿನವೇ ಬರೆದದ್ದು ಎಂದು ಪ್ರಮಾಣ ಮಾಡಿ ಹೇಳಿದೆ. ಕಳೆದ ತಿಂಗಳು ಇಪ್ಪತ್ತೆರಡಕ್ಕೆ ತೀರ್ಪು ಬಂತು. ಅಸ್ಕರನಿಗೆ ಒಂದೂವರೆ ವರ್ಷ. ಅಪೀಲು ಹಾಕಲೆಂದು ಮೂವತ್ತು ದಿನ ಹೊರಗೆ ಬಿಟ್ಟಿದ್ದಾರೆ. ಕೋರ್ಟಿನ ಮೆಟ್ಟಿಲಲ್ಲಿ ಮೂಸಬ್ಬನವರು ಅವನ ಎದುರು ನಿಂತು, "ನೀನು ನಿದ್ದೆ ಮಾಡಿದ್ದೆಯಾ? ಅದೊಂದು ಹೇಳು" ಎಂದು ಕೇಳಿದರು. ಅಸ್ಕರ್ ಮೆಟ್ಟಿಲಿಳಿದು ಹೋದ. ಆಮೇಲೆ ಮೂಸಬ್ಬನವರು ನನ್ನ ಕಡೆ ತಿರುಗಿ, ಟೀಚರ್ ನೀವಾದರೂ ಬಂದು ಸತ್ಯ ಹೇಳಿದಿರಲ್ಲ ಎಂದು ಕೈ ಮುಗಿದರು. ನಾನೂ ಕೈ ಮುಗಿದೆ.

ನಿನ್ನೆ ಅಸ್ಕರನ ಹೆಂಡತಿ ಫರ್ಹಾನ ಶಾಲೆಗೆ ಬಂದಿದ್ದಳು. ಸ್ಟಾಫ್ ರೂಮಿನಲ್ಲಿ ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ. "ಟೀಚರ್, ಬೇರೆ ವಕೀಲರನ್ನು ಕಂಡು ಬಂದೆ. ನಮ್ಮ ಮನೆಯವರು ಬ್ರೇಕಿನ ವಿಷಯ ಧಣಿಗೆ ಹೇಳಿದ್ದು ನಿಜ ಅಂತ ಯಾರಾದರೂ ಒಬ್ಬರು ಹೇಳಿದರೆ ಅಪೀಲಿಗೆ ಬಲ ಬರ್ತದಂತೆ. ಆಗ ನೀವು ಹಿಂದಿನಿಂದ ಕಾಫಿ ಬೇಕಾ ಅಂತ ಕೇಳಿದ್ದು ಫೋನಿನಲ್ಲಿ ಇವರಿಗೆ ಕೇಳಿಸಿದೆ. ನಿಮಗೆ ನೆನಪು ಉಂಟಲ್ಲ?"

ನೆನಪಿಲ್ಲ ಎಂದೆ.

ಅವಳು ಜಗಳ ಮಾಡಲಿಲ್ಲ. "ಸ್ವಲ್ಪ ಯೋಚನೆ ಮಾಡಿ ಟೀಚರ್, ಇನ್ನೂ ದಿನ ಉಂಟು" ಎಂದು ಬುರ್ಖಾದ ತುದಿಯಿಂದ ಮುಖ ಒರೆಸಿಕೊಂಡು ಹೋದಳು. ಆಮೇಲೆ ನಾನು ಏಳನೇ ತರಗತಿಗೆ ಪಾಠ ಮಾಡಿದೆ. ಏನು ಮಾಡಿದೆನೋ ತಿಳಿಯದು.

ನಿನ್ನ ಓದು, ನಿನ್ನ ಮದುವೆ, ಅಪ್ಪನ ಆರೋಗ್ಯ ಎಂದು ಇಷ್ಟು ದಿನ ನನಗೆ ನಾನೇ ಕಾರಣ ಹೇಳಿಕೊಳ್ಳುತ್ತಿದ್ದೆ. ನಿನ್ನ ಹೆಸರನ್ನು ಇದರೊಳಗೆ ಎಳೆಯುವುದಿಲ್ಲ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಈ ಊರಿನಲ್ಲಿ ಇಪ್ಪತ್ತಾರು ವರ್ಷ ಟೀಚರ್ ಎಂದು ಕರೆಸಿಕೊಂಡವಳು ನಾನು. ಪೊಲೀಸರ ಜೀಪಿನಲ್ಲಿ ಅಪ್ಪ ಕುಳಿತದ್ದನ್ನು ಶಾಲೆಯ ಮಕ್ಕಳು ನೋಡುವುದನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಫಿದಾಳನ್ನು ನೋಡಲು ನಾನು ಹೋಗಲಿಲ್ಲ. ಹೋಗಿದ್ದರೆ ಬರೆಯುತ್ತಿರಲಿಲ್ಲವೇನೋ. ಅದೂ ಖಂಡಿತವಲ್ಲ.

ಅಪ್ಪ ಹೊಸ ಲಾರಿ ತೆಗೆದಿದ್ದಾರೆ. ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ. ನಾವು ಆ ವಿಷಯ ಮಾತಾಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಮ್ಮು ಕಡಿಮೆಯಾಯಿತಾ?

ನಿನ್ನ ಅಮ್ಮ,
ಶಂಕರಿ

ಮತ್ತೆ ಸೇರಿಸಿದ್ದು, ೨೩ ಆಗಸ್ಟ್: ಈ ಕಾಗದ ಇಷ್ಟು ದಿನ ನನ್ನ ಸೀರೆಗಳ ಅಡಿಯಲ್ಲಿತ್ತು. ಅಪೀಲಿನ ಗಡುವು ಮೊನ್ನೆ ಗುರುವಾರ ಮುಗಿಯಿತು. ಅದು ಮುಗಿಯಲಿ ಎಂದೇ ಕಾದೆ. ಸಾಕ್ಷಿ ಸಿಗದೆ ಅವರು ಅಪೀಲು ಹಾಕಲಿಲ್ಲ, ನಿನ್ನೆ ಅಸ್ಕರ್ ಕೋರ್ಟಿಗೆ ಹೋಗಿ ಶರಣಾದ. ತಡವಾದರೂ ಕಾರಣ ಕೊಟ್ಟು ಅಪೀಲು ಹಾಕಬಹುದೆಂದು ನೀನು ಹೇಳಬಹುದು. ಆದರೆ ಇದನ್ನು ನೀನು ಕೋರ್ಟಿಗೆ ಕೊಂಡುಹೋದರೆ, ನಾನು ಬರೆದದ್ದಲ್ಲ ಎಂದೇ ಹೇಳುತ್ತೇನೆ.