ಕೆಂಪು ಕಾರಿನ ಕೆಳಗೆ ನೂರಿಪ್ಪತ್ತೊಂದು ಚುಕ್ಕಿ

ಹೊಳೆನರಸೀಪುರ
21 ಜುಲೈ 2003, ಸೋಮವಾರ

ಪ್ರೀತಿಯ ಅತ್ತೆಯವರಿಗೆ,

ಆಷಾಢ ಮುಗಿಯುವವರೆಗೆ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ಶಾಸ್ತ್ರವಿದೆಯೇ ಹೊರತು ಪತ್ರ ಬರೆಯಬಾರದು ಅಂತ ಇಲ್ಲವಂತೆ. ಅಪ್ಪನನ್ನು ಕೇಳಿಯೇ ಕೂತಿದ್ದೇನೆ. ಫೋನು ಮಾಡಬಹುದಿತ್ತು, ಆದರೆ ನಮ್ಮ ಫೋನು ಇರುವುದು ನಡುಮನೆಯಲ್ಲಿ, ನಿಮ್ಮದೂ ನಡುಮನೆಯಲ್ಲಿ. ನಾನು ಹೇಳಬೇಕಾಗಿರುವುದು ನೀವೊಬ್ಬರೇ ಕೇಳಬೇಕಾದ ಮಾತು. ನಮ್ಮ ಕಾನ್ವೆಂಟಿನಲ್ಲಿ ಕನ್ನಡದಲ್ಲಿ ಪತ್ರ ಬರೆಸಿದ್ದು ರಜೆ ಕೇಳುವುದಕ್ಕೆ ಮಾತ್ರ. ಇದೂ ರಜಾ ಅರ್ಜಿಯ ಹಾಗೆ ಕಂಡರೆ ನಕ್ಕುಬಿಡಿ. ನಾನಂತೂ ಎಂಟು ದಿನದಿಂದ ನಗುತ್ತಲೇ ಇದ್ದೇನೆ. ಅನ್ನ ಬಡಿಸುವಾಗ ನಗು, ಬಟ್ಟೆ ಒಣಹಾಕುವಾಗ ನಗು. ಮದುವೆಯಾದ ಹೊಸದರಲ್ಲಿ ಹೀಗೆಯೇ ಅಂತ ಅಮ್ಮ ಅಂದುಕೊಂಡಿದ್ದಾಳೆ.

ವಿಷಯ ಕಾರಿನದು. ಮತ್ತೆ ಅದೇನಾ ಅಂತ ಕಾಗದ ಮಡಿಚಿಡಬೇಡಿ.

ನಿಮ್ಮ ಮಗ ಮದುವೆಗೆ ಎರಡು ತಿಂಗಳು ಮೊದಲು ಆ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ಬೆಂಗಳೂರಿನಿಂದ ಕೊಂಡುತಂದ ದಿನ ನೀವು ಏನಂದಿರಿ ಅಂತ ಅವರೇ ಹೇಳಿದ್ದಾರೆ. "ಇದೇನೋ ಆತ್ರೇಯ, ಕೂತ್ಕೊಳ್ಳೋದಕ್ಕಾ ಮಲಕ್ಕೊಳ್ಳೋದಕ್ಕಾ? ನಿಂಗೊಂದು ಸೀಟು, ಬರೋಳಿಗೊಂದು ಸೀಟು. ನಾನೂ ನಿಮ್ಮಪ್ಪನೂ ಡಿಕ್ಕೀಲಿ ಕೂತ್ಕೋಬೇಕೇನೋ? ಇದಕ್ಕೆ ಆರತಿ ಗೀರತಿ ಎಲ್ಲ ನಾನೆತ್ತಲ್ಲ." ಅವರು ಅದನ್ನು ತಮಾಷೆಯಾಗಿ ಹೇಳಿದರು. ನಾನೂ ನಕ್ಕೆ. ಆದರೆ 'ಬರೋಳು' ನಾನೇ ಅಲ್ಲವೇ. ನಿಮ್ಮ ಮನೆಗೆ ಬಂದ ಮೇಲೆ ಆ ಎರಡನೇ ಸೀಟಿನಲ್ಲಿ ಕೂತಾಗಲೆಲ್ಲ, ನಿಮ್ಮ ಜಾಗ ಕಸಿದುಕೊಂಡು ಕೂತಿದ್ದೇನೆ ಅಂತ ಒಳಗೊಳಗೇ ಅನ್ನಿಸುತ್ತಿತ್ತು.

ಮೇ ತಿಂಗಳ ಕೊನೆಯಲ್ಲಿ ನಾವಿಬ್ಬರೂ ರಾಮನಾಥಪುರದ ದೊಡ್ಡಮ್ಮನ ಮನೆಗೆ ಊಟಕ್ಕೆ ಹೊರಟ ಬೆಳಿಗ್ಗೆ ನಿಮಗೆ ನೆನಪಿದೆಯೇ? ಮದುವೆಯಾದ ಮೇಲೆ ನಮ್ಮ ಮೊದಲ ದೂರದ ಪ್ರಯಾಣ ಅದು. ಇವರು ಬಾನೆಟ್ ಎತ್ತಿ, ಮುಚ್ಚಳ ಬಿಚ್ಚಿ ಎಂಜಿನ್ನಿಗೆ ಆಯಿಲ್ ಸುರಿದು, ಕೈ ಜಿಡ್ಡಾಯಿತೆಂದು ಬಟ್ಟೆ ಹುಡುಕಿಕೊಂಡು ಹಿತ್ತಲಿಗೆ ಹೋದರು. ನಾನು ರೂಮಿನ ಕಿಟಕಿಯ ಹತ್ತಿರ ತಲೆ ಬಾಚುತ್ತಿದ್ದೆ. ನೀವು ದೇವರಮನೆಯಿಂದ ನೇರವಾಗಿ ಬಂದು ಕಾರಿನ ಮುಂದೆ ನಿಂತಿರಿ. ನನಗೆ ಕಂಡದ್ದು ಬೆನ್ನು ಮಾತ್ರ. ಏನೋ ಮಣಮಣ ಅಂದಿರಿ, ಕೈ ಕೊಡವಿದಿರಿ, ಆ ಕಡೆ ಈ ಕಡೆ ನೋಡಿ ಒಳಗೆ ಹೊರಟುಹೋದಿರಿ. ಕಾರಿಗೆ ಶಾಪ ಹಾಕಿದಿರಿ ಅಂದುಕೊಂಡೆ, ಅತ್ತೆ. ಎರಡನೇ ಸೀಟಿಗೂ ಸೇರಿಸಿಯೇ ಹಾಕಿದಿರಿ ಅಂತ ಅರಕಲಗೂಡು ದಾಟುವವರೆಗೆ ಮುಖ ಹೊರಗೆ ತಿರುಗಿಸಿಕೊಂಡೇ ಕೂತಿದ್ದೆ. ಹೂವಿನ ವಾಸನೆಗೆ ತಲೆನೋವು ಅಂತ ಇವರಿಗೆ ಸುಳ್ಳು ಹೇಳಿದೆ.

ಮಾರನೆಯ ದಿನದಿಂದ ಸೋರುವುದು ಶುರುವಾಯಿತು. ದಿನಾ ಬೆಳಿಗ್ಗೆ ಇವರು ಬಾಗಿಲ ಮುಂದೆ ಎಂಜಿನ್ ಬಿಸಿಮಾಡಿ ಹಾಸನಕ್ಕೆ ಆಫೀಸಿಗೆ ಹೊರಡುವುದು, ನೀವು ಆಗತಾನೇ ಬಿಡಿಸಿದ ರಂಗೋಲಿಯ ತಾವರೆಯ ಮೇಲೆ ನಾಲ್ಕು ಹನಿ ಬಿದ್ದಿರುವುದು. ಅಲ್ಲೇ ಚನ್ನರಾಯಪಟ್ಟಣದ ಮೆಕ್ಯಾನಿಕ್ ನೋಡಿ, ಆಯಿಲ್ ನಿಲ್ಲುವ ತಳದ ಚೇಂಬರಿನ ಪ್ಯಾಕಿಂಗ್ ಹೋಗಿದೆ ಅಂತ ಹೊಸದು ಹಾಕಿದ. ನಿಲ್ಲಲಿಲ್ಲ. ಹಾಸನದವನು ತಳದ ಬೋಲ್ಟು ಬಿಗಿಮಾಡಿ ಸುತ್ತ ಅಂಟು ಬಳಿದ. ನಿಲ್ಲಲಿಲ್ಲ. ಕೊನೆಗೆ ನೀವು ತೀರ್ಪು ಕೊಟ್ಟಿರಿ. "ಆಷಾಢ ಕಳೀಲಿ. ಶ್ರಾವಣದ ಮೊದಲನೇ ಶುಕ್ರವಾರ ಹಿರೀಸಾವೆ ಕಾಂತರಾಜು ಬಂದು ತೊಗೊಂಡು ಹೋಗ್ತಾನೆ. ಅಷ್ಟರೊಳಗೆ ಸೋರೋದು ನಿಂತ್ರೆ ಆಮೇಲೆ ನೋಡೋಣ." ಕಾಂತರಾಜು ಅವರು ಅದನ್ನು ಓಡಿಸುವವರೂ ಅಲ್ಲ. "ಹೋಟ್ಲು ಮುಂದೆ ನಿಲ್ಸುದ್ರೆ ಸಾಕು ಕಣಮ್ಮಾ, ಬಸ್ನೋರೆಲ್ಲ ಇಳ್ಕೊಂಡ್ ಬತ್ತಾರೆ" ಅಂದಿದ್ದರು. ಇಡ್ಲಿಗೆ ಜನ ಕರೆಯುವುದಕ್ಕೆ ನಮ್ಮ ಕಾರು. ಇವರು ಆ ರಾತ್ರಿ ಊಟವನ್ನೇ ಸರಿಯಾಗಿ ಮಾಡಲಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಭಾನುವಾರ ಭಾನುವಾರ ನಿಮ್ಮ ಮಗ "ಹೊಳೆನರಸೀಪುರದಲ್ಲಿ ಒಬ್ಬ ಒಳ್ಳೇ ಮೆಕ್ಯಾನಿಕ್ ಇದಾನೆ" ಅಂತ ಹೇಳಿ ಹೊರಡುತ್ತಿದ್ದುದು ನಿಜ. ಮೆಕ್ಯಾನಿಕ್ ಹುಚ್ಚಯ್ಯ ಇರುವುದೂ ನಿಜ. ಅವರ ಗ್ಯಾರೇಜು ನಮ್ಮ ಮನೆಯಿಂದ ನಾಲ್ಕು ನಿಮಿಷದ ದಾರಿ ಅನ್ನುವುದನ್ನು ಮಾತ್ರ ಇವರು ಹೇಳಿರಲಾರರು. ಆದರೆ ಶಾಸ್ತ್ರಕ್ಕೆ ಭಂಗ ಬಂದಿಲ್ಲ. ಅಳಿಯಂದಿರು ಹೊರಗಿನ ಜಗಲಿಯಲ್ಲೇ ಕೂತರು. ಅಮ್ಮ ಕಾಫಿಯನ್ನು ಹೊಸಿಲಿನ ಒಳಗಿನಿಂದ ಚಾಚಿದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಅಳಿಯ ಬರಬಾರದು ಅಂತಿದೆ. ಕಾರಿಗೇನೂ ನಿಷೇಧ ಇಲ್ಲ. ಅದರ ಜೊತೆ ಯಾರು ಬಂದರೋ ನಾನು ನೋಡಿಲ್ಲಪ್ಪ" ಅಂದರು.

ಮೊದಲ ಭಾನುವಾರ ಹುಚ್ಚಯ್ಯನವರು ನಮ್ಮ ಅಂಗಳಕ್ಕೇ ಬಂದು ಕಾರಿನ ಸುತ್ತ ಮೂರು ಸುತ್ತು ಹಾಕಿ, ಬಗ್ಗಿ, ಸೋತು ಎದ್ದರು. "ಇದರಡಿಗ್ ನುಗ್ಗಾಕೆ ನಾನೇನು ಹಲ್ಲೀನಾ ತಾಯಿ? ಚೇಂಬರ್ ಪ್ಯಾಕಿಂಗ್ ಒಸದೇ ಅದೆ. ಎಲ್ಲಿಂದ ಬೀಳ್ತದೆ ಅಂತ ಕರೆಕ್ಟಾಗಿ ಗೊತ್ತಾಗ್ಬೇಕಲ್ಲ."

ಕರೆಕ್ಟಾಗಿ ಅಂದಾಗ ನನಗೆ ನೆನಪಾದದ್ದು ನೀವು. ಮದುವೆಯಾದ ವಾರ ನನಗೆ ಚುಕ್ಕಿ ಇಡಲು ಕಲಿಸಿದಿರಲ್ಲ, "ಚುಕ್ಕಿ ಸಾಲು ನೆಟ್ಟಗಿದ್ರೆ ಎಲ್ಲಿ ತಪ್ಪಿದೀಯ ಅಂತ ಅದೇ ತೋರಿಸುತ್ತೆ ಶರ್ವಾಣಿ" ಅಂತ. ಅಂಗಳದ ಸಿಮೆಂಟು ಗುಡಿಸಿ, ಗೇಣು ಗೇಣಿಗೊಂದರಂತೆ ಹನ್ನೊಂದು ಸಾಲು, ಸಾಲಿಗೆ ಹನ್ನೊಂದು, ಒಟ್ಟು ನೂರಿಪ್ಪತ್ತೊಂದು ಚುಕ್ಕಿ ಇಟ್ಟೆ. ಗೆರೆ ಎಳೆಯಲಿಲ್ಲ. ಚುಕ್ಕಿಯನ್ನೇ ಬಿಲ್ಲೆಯಷ್ಟು ದಪ್ಪ ಮಾಡಿದೆ. ಇವರು ಎಂಜಿನ್ ಬಿಸಿಮಾಡಿ ಮೆಲ್ಲಗೆ ಅದರ ಮೇಲೆ ತಂದು ನಿಲ್ಲಿಸಿದರು. ಒಂದು ಗಂಟೆ ಬಿಟ್ಟು ಹಿಂದಕ್ಕೆ ತಳ್ಳಿ ನೋಡಿದರೆ ನಾಲ್ಕನೇ ಸಾಲಿನ ಏಳನೇ ಚುಕ್ಕಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಹಸಿರಾಗಿದ್ದರೆ ರೇಡಿಯೇಟರ್ ನೀರು, ಬಣ್ಣವೇ ಇಲ್ಲದೆ ಜಿಡ್ಡಾಗಿದ್ದರೆ ಬ್ರೇಕಿನದು, ಇದು ಎಂಜಿನ್ ಆಯಿಲೇ ಅಂತ ಹುಚ್ಚಯ್ಯನವರು ಬೆರಳಲ್ಲಿ ಉಜ್ಜಿ ಹೇಳಿದರು. ಎರಡನೇ ಭಾನುವಾರ ಹೊಸ ಚುಕ್ಕಿ ಇಟ್ಟೆ. ಗಾಲಿಯ ಗುರುತಿಗೆ ಸರಿಯಾಗಿ ನಿಲ್ಲಿಸಿದರು. ಮತ್ತೆ ನಾಲ್ಕನೇ ಸಾಲು, ಏಳನೇ ಚುಕ್ಕಿ. ಅದರ ಮೇಲಕ್ಕೆ ಸರಿಯಾಗಿ ಚೇಂಬರಿನ ಹಿಂದಿನ ಅಂಚು.

"ಬೀಳೋದು ಅಲ್ಲಿಂದಾನೇ. ಉಟ್ಟೋದು ಬ್ಯಾರೆ ಎಲ್ಲೋ ಇರ್ಬೇಕು ಕಣಿ ಸಾ" ಅಂದರು ಹುಚ್ಚಯ್ಯ.

ಗ್ಯಾರೇಜಿಗೆ ಒಯ್ದು, ನಿಂತು ಕೆಲಸ ಮಾಡುವ ಗುಂಡಿಯ ಮೇಲೆ ಕಾರು ನಿಲ್ಲಿಸಿ, ಎಂಜಿನ್ನನ್ನು ಮೇಲಿಂದ ಕೆಳಗೆ ಸೀಮೆಎಣ್ಣೆಯಲ್ಲಿ ತೊಳೆದೆವು. ಒಣಗಿದ ಮೇಲೆ ಪೌಡರ್ ಎರಚಬೇಕು, ಆಯಿಲ್ ಹರಿದ ದಾರಿ ಅದರಲ್ಲಿ ಮೂಡುತ್ತದೆ ಅಂದರು. ಮದುವೆಗೆ ನುಗ್ಗೇಹಳ್ಳಿಯ ಚಿಕ್ಕತ್ತೆ ಕೊಟ್ಟ ಪೌಡರಿನ ಡಬ್ಬ ಇತ್ತಲ್ಲ, ಅದನ್ನೇ ತಂದು ಅಷ್ಟೂ ಖಾಲಿ ಮಾಡಿದೆ. ಅವರಿಗೆ ಹೇಳಬೇಡಿ. ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿದವಳೂ ನಾನೇ. ಇವರು ಎಂಜಿನ್ ಓಡಿಸಿದರು. ಮಲ್ಲಿಗೆ ವಾಸನೆ, ಹೊಗೆ ವಾಸನೆ, ನನ್ನ ತಲೆ ತುಂಬ ಪೌಡರು. ಇಪ್ಪತ್ತು ನಿಮಿಷಕ್ಕೆ ಬಿಳಿಯಲ್ಲಿ ಒಂದು ಕಪ್ಪು ಎಳೆ ಮೂಡಿತು. ಬೆರಳು ಹಿಡಿದು ಮೇಲಕ್ಕೆ ಹೋದೆ. ಚೇಂಬರಿನಿಂದ ಎಂಜಿನ್ನಿನ ಬೆನ್ನಿಗೆ, ಅಲ್ಲಿಂದ ಭುಜಕ್ಕೆ. ಗುಂಡಿಯಿಂದ ಎದ್ದುಬಂದು ಮೇಲಿನಿಂದ ನೋಡಿದರೆ ಎಳೆ ನಿಂತದ್ದು ಆಯಿಲ್ ಹಾಕುವ ಮುಚ್ಚಳದ ಬುಡದಲ್ಲಿ. ಅಲ್ಲಿದ್ದ ಜಿಡ್ಡನ್ನು ಸುರಿಯುವಾಗ ಚೆಲ್ಲಿದ್ದು ಅಂದುಕೊಂಡು ಎಲ್ಲರೂ ಒರೆಸಿ ಬಿಟ್ಟಿದ್ದರು.

ಎಂಜಿನ್ ನಿಲ್ಲಿಸಿ ಮುಚ್ಚಳ ತಿರುಗಿಸಿದವಳು ನಾನು. ಅದರೊಳಗಿನ ರಬ್ಬರಿಗೆ ಏನೋ ಒಂದು ಕಚ್ಚಿಕೊಂಡಿತ್ತು. ಅದರಿಂದಲೇ ಮುಚ್ಚಳ ಒಂದು ಕಡೆ ಕೂದಲೆಳೆಯಷ್ಟು ಎದ್ದು, ಎಂಜಿನ್ ಓಡಿದಾಗಲೆಲ್ಲ ಆಯಿಲ್ ಉಗುಳುತ್ತಿತ್ತು. ಉಗುರಿನಿಂದ ಕಿತ್ತು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದೆ. ಒಂದು ಅಕ್ಕಿಕಾಳು. ತುದಿ ಮುರಿದಿರಲಿಲ್ಲ. ಸೊಂಟದಲ್ಲಿ ಇನ್ನೂ ಅರಿಶಿನ ಉಳಿದಿತ್ತು.

ಆರತಿ ಎತ್ತಲ್ಲ ಅಂದವರು ನೀವು. ಆರತಿ ಎತ್ತಲೂ ಇಲ್ಲ, ಮಾತಿಗೆ ತಪ್ಪಲಿಲ್ಲ. ಅಕ್ಷತೆ ಹಾಕಿದಿರಿ. ಯಾರಿಗೂ ಕಾಣದ ಹಾಗೆ, ಅದೂ ನಾವಿಬ್ಬರೂ ಹೊರಡುವ ಹೊತ್ತಿಗೆ.

ನಾನು ಕಾರಿಗೆ ಒರಗಿ ನಗುತ್ತಾ ಅಳುತ್ತಿದ್ದರೆ ಹುಚ್ಚಯ್ಯನವರು, "ಎಣ್ಣೆ ವಾಸ್ನೆ ತಲೆಗೇರದೆ ಕಣಿ ಸಾ, ನೀರ್ ಕುಡ್ಸಿ" ಅಂದರು. ಇವರು ಏನು ಸಿಕ್ಕಿತು ಅಂತ ಕೇಳಿದಾಗ ಕಸ ಅಂದೆ. ನಿಮ್ಮನ್ನು ಕೇಳದೆ ಹೇಳುವ ಹಕ್ಕು ನನ್ನದಲ್ಲ ಅನ್ನಿಸಿತು. ಇವರು ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಿದರು. ನಿನ್ನೆ ಮೂರನೇ ಭಾನುವಾರ ಕಾರು ಬೆಳಿಗ್ಗೆಯಿಂದ ಸಂಜೆವರೆಗೆ ಅಂಗಳದಲ್ಲಿತ್ತು. ನೂರಿಪ್ಪತ್ತೊಂದು ಚುಕ್ಕಿಯೂ ಬಿಳಿಯಾಗಿಯೇ ಇದ್ದವು.

ಇನ್ನು ಕಾಂತರಾಜು ಅವರಿಗೆ ಏನು ಹೇಳುವುದು ಅನ್ನುವುದು ನಿಮಗೆ ಬಿಟ್ಟದ್ದು. ಕೊಟ್ಟೇ ಬಿಡುತ್ತೇನೆ ಅಂದರೂ ನಾನು ಮುಖ ಸಣ್ಣದು ಮಾಡುವುದಿಲ್ಲ, ನನಗೆ ಸಿಗಬೇಕಾದದ್ದು ಸಿಕ್ಕಿದೆ. ಆದರೆ ಒಂದು ಕೇಳಿಕೊಳ್ಳಲೇ? ಮುಂದಿನ ವಾರ ಶ್ರಾವಣ ಬಂದ ದಿನ ನನ್ನನ್ನು ಕರೆದುಕೊಂಡು ಹೋಗಲು ನೀವೇ ಬನ್ನಿ, ಆ ಕಾರಿನಲ್ಲಿ, ಎರಡನೇ ಸೀಟಿನಲ್ಲಿ. ಕೂರುವುದು ಕಷ್ಟವಲ್ಲ, ಮೊದಲು ಕೂತು ಆಮೇಲೆ ಕಾಲು ಒಳಗೆ ತೆಗೆದುಕೊಂಡರಾಯಿತು. ಚಾವಣಿ ತೆಗೆಸಿ, ಸೆರಗು ಬಿಗಿಯಾಗಿ ಹಿಡಿದುಕೊಳ್ಳಿ. ವಾಪಸ್ಸೂ ನೀವಿಬ್ಬರೇ ಹಾಗೇ ಹೋಗಿ. ನಾನು ಹಿಂದೆಯೇ ಚನ್ನರಾಯಪಟ್ಟಣದ ಬಸ್ಸು ಹತ್ತಿ, ಕಿಟಕಿಯಿಂದ ನಿಮಗೆ ಕೈ ಬೀಸುತ್ತಾ ಬರುತ್ತೇನೆ.

ಆ ಕಾಳನ್ನು ಕಾಗದದ ಮಡಿಕೆಯಲ್ಲಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ. ಲಕೋಟೆ ಒಡೆಯುವಾಗ ಜೋಪಾನ.

ಮಾವನವರಿಗೂ ನಿಮಗೂ ನನ್ನ ನಮಸ್ಕಾರ. ಬಂದ ಕೂಡಲೇ ಇಬ್ಬರ ಕಾಲಿಗೂ ಬೀಳುತ್ತೇನೆ. ಆಗ ಅಕ್ಷತೆಯನ್ನು ನನ್ನ ತಲೆಯ ಮೇಲೆ ಹಾಕಿ, ಎಂಜಿನ್ನಿನ ಮೇಲೆ ಬೇಡ.

ನಿಮ್ಮ ಮನೆಯವಳೇ ಆದ,
ಶರ್ವಾಣಿ