ಬೀರುವಿನಲ್ಲಿ ಇಲ್ಲದ ದುಡ್ಡನ್ನು ಕದ್ದ ಬಗ್ಗೆ

ಡಿಜಿಟಲ್ ಆಸ್ತಿಗಳ ತಪಾಸಣಾಧಿಕಾರಿಗಳೇ,

ತಮ್ಮ ಕಚೇರಿಯ ಕಬ್ಬಿಣದ ಬೀರುವಿನಿಂದ ನಾನು ದುಡ್ಡು ಲಪಟಾಯಿಸಿದ್ದೇನೆಂಬ ನೋಟಿಸು ತಲುಪಿತು. ಬೀರುವಿಗೆ ಬೀಗ, ಬೀಗಕ್ಕೆ ಅರಗಿನ ಮುದ್ರೆ, ಬಾಗಿಲಲ್ಲಿ ಕಾವಲುಗಾರ. ಇಷ್ಟನ್ನೂ ದಾಟುವ ಚಾಲಾಕಿತನ ನನಗಿದೆಯೆಂದು ತಾವು ನಂಬಿದ್ದೀರಿ, ಕೃತಜ್ಞಳು. ಕನ್ನಡಕ ರಿಪೇರಿ ಮಾಡುವ ನನ್ನನ್ನು ಇಷ್ಟು ದೊಡ್ಡವಳೆಂದು ಮನೆಯಲ್ಲಿ ಯಾರೂ ತಿಳಿದಿರಲಿಲ್ಲ. ಆದರೆ ಕಳುವಾದ ದುಡ್ಡು ನನ್ನದೂ ನನ್ನಕ್ಕನದೂ ಎಂಬ ಸಣ್ಣ ವಿಷಯ ನೋಟಿಸಿನಲ್ಲಿ ಬಿಟ್ಟುಹೋಗಿದೆ.

ಅಕ್ಕನದು ಬೇಕರಿ. ಅವಳ ಓವನ್ ಬಿರುಕು ಬಿಟ್ಟು ಕೆಲಸದವರು ಕೈಕಟ್ಟಿ ಕೂತಿದ್ದರು, ಗಿರಾಕಿಗಳು ಎದುರಿನ ಅಂಗಡಿಯ ರುಚಿ ಹಿಡಿಯತೊಡಗಿದ್ದರು. ಕಡಲಾಚೆಯ ವ್ಯಾಪಾರಿಯೊಬ್ಬ ಒಳ್ಳೆಯ ಓವನ್ನೊಂದನ್ನು ನಮಗಾಗಿ ತೆಗೆದಿಟ್ಟಿದ್ದ. ಕ್ರಿಪ್ಟೊ ನಾಣ್ಯದಲ್ಲಿ ಕೊಡಿ, ದುಡ್ಡು ಸಂಜೆಯೊಳಗೆ ಬರದಿದ್ದರೆ ಬೇರೆಯವರಿಗೆ ಮಾರುತ್ತೇನೆ ಎಂದಿದ್ದ. ಅದೇ ದಿನ ನಿಮ್ಮ ಕರೆ: ಹಾರ್ಡ್‌ವೇರ್ ವಾಲೆಟ್ ಸಮೇತ ತಪಾಸಣೆಗೆ ಹಾಜರಾಗಿ. ನಮ್ಮ ಕ್ರಿಪ್ಟೊ ಪಾವತಿಗಳಿಗೆ ಸಹಿ ಹಾಕುವ ಪುಟ್ಟ ಪೆಟ್ಟಿಗೆ ಅದು.

ಹಾಜರಾದೆವು. ನೆಲಮಾಳಿಗೆಯ ನಿಮ್ಮ ಕೋಣೆಯಲ್ಲಿ ಇಂಟರ್‌ನೆಟ್ ಕೆಟ್ಟಿತ್ತು. ಫೋನಿಗೆ ಸಿಗ್ನಲ್ ಸುಳಿಯುತ್ತಿರಲಿಲ್ಲ. ನೆಟ್ ಇದ್ದರೇ ತಪಾಸಣೆ, ತಪಾಸಣೆಯಾಗುವವರೆಗೆ ಸಾಧನ ಬೀರುವಿನಲ್ಲಿ. ಇಂಥ ನಿಯಮ ಬರೆದವರಿಗೆ ಓವನ್ ಕೊಳ್ಳುವ ಅಗತ್ಯ ಬಿದ್ದಿರಲಾರದು. ಅಕ್ಕನ ಮುಖ ಬಾಡಿತು. ಒಳಗಿಡುವ ಮುನ್ನ ಒಂದು ಪಾವತಿಗೆ ಸಹಿ ಹಾಕಿಕೊಳ್ಳಲೇ ಎಂದು ಕೇಳಿದೆ. ತಾವು ನಕ್ಕಿರಿ.

"ನೆಟ್ಟೇ ಇಲ್ವಲ್ಲಮ್ಮ, ಏನ್ ಬೇಕಾದ್ರೂ ಒತ್ತಿಕೊಳ್ಳಿ."

ಒತ್ತಿದೆ. ಫೋನಿನಲ್ಲಿ ಪಾವತಿಯ ವಿವರ ತುಂಬಿಸಿದೆ. ಫೋನ್ ತೋರಿಸಿದ ಕ್ಯೂಆರ್ ಕೋಡಿನ ಚೌಕುಳಿ ಚಿತ್ರವನ್ನು ವಾಲೆಟ್ಟಿನ ಕ್ಯಾಮೆರಾ ಓದಿತು. ದುಡ್ಡು ಸೇರಬೇಕಾದ ವ್ಯಾಪಾರಿಯ ಕ್ರಿಪ್ಟೊ ವಿಳಾಸ ವಾಲೆಟ್ಟಿನ ಪುಟ್ಟ ಪರದೆಯಲ್ಲಿ ಮೂಡಿತು. ವ್ಯಾಪಾರಿ ಕಳಿಸಿದ್ದನ್ನು ಅಕ್ಕ ಅಕ್ಷರ ಅಕ್ಷರವಾಗಿ ಓದುತ್ತ ಹೋದಳು, ನಾನು ಪರದೆ ನೋಡಿ ತಾಳೆ ಹಾಕಿದೆ.

"ತಪ್ಪಿದ್ರೆ ವಾಪಸ್ ಬರಲ್ಲ ಅಂತೀಯ," ಎಂದಳು. "ಇನ್ನೊಂದ್ ಸಲ ಓದ್ತೀನಿ, ಸರಿಯಾಗಿ ನೋಡು."

ಎರಡನೆಯ ಸಲವೂ ಸರಿಯಿತ್ತು. ಒಪ್ಪಿಗೆಯ ಗುಂಡಿ ಒತ್ತಿದೆ. ಸಹಿಯಾದ ಪಾವತಿ ಇನ್ನೊಂದು ಚೌಕುಳಿಯಾಗಿ ಫೋನಿಗೆ ಬಂತು. ವಾಲೆಟ್ಟನ್ನು ತಮ್ಮ ಕೈಗಿಟ್ಟು, ಅಕ್ಕನೂ ನಾನೂ ಬೀದಿಗೆ ಓಡಿದೆವು. ಹೊರಗೆ ಸಿಗ್ನಲ್ ಸಿಕ್ಕಿದ್ದೇ ಪಾವತಿ ಹೊರಟಿತು. ಸಿಕ್ಕಿತೆಂದು ವ್ಯಾಪಾರಿ ಬರೆದಾಗ ಅಕ್ಕ ನಡುಬೀದಿಯಲ್ಲೇ ನನ್ನನ್ನು ಅಪ್ಪಿಕೊಂಡಳು. ಹಿಂದಿನ ಗಾಡಿಯವನು ಹಾರನ್ ಒತ್ತಿ ಶುಭ ಕೋರಿದ.

ನಿಮ್ಮಲ್ಲಿ ನೆಟ್ ಮರಳಿದ ಮೇಲೆ ನಮ್ಮ ಖಾತೆ ಬರಿದಾಗಿರುವುದು ಕಂಡು ತಮಗೆ ಗಾಬರಿಯಾಯಿತಂತೆ. ಮಾನ್ಯರೇ, ವಾಲೆಟ್ಟೆಂಬ ಆ ಪೆಟ್ಟಿಗೆಯಲ್ಲಿ ದುಡ್ಡು ಎಂದೂ ಇರಲಿಲ್ಲ. ಅದರ ಲೆಕ್ಕವಿರುವುದು ಲೋಕದ ತುಂಬ ಹರಡಿದ ಕಂಪ್ಯೂಟರುಗಳಲ್ಲಿ. ಪೆಟ್ಟಿಗೆಯೊಳಗಿರುವುದು ಸಹಿ ಹಾಕುವ ಗುಟ್ಟಿನ ಕೀಲಿ ಮಾತ್ರ. ಕಳ್ಳರು ಆ ಕೀಲಿಗೆ ಕೈಹಾಕದಿರಲೆಂದೇ ಅದನ್ನು ಇಂಟರ್‌ನೆಟ್ಟಿನಿಂದ ದೂರವಿಡುವುದು. ಸಹಿಗೆ ನೆಟ್ ಬೇಡ, ಸಹಿಯಾದದ್ದನ್ನು ಕಳಿಸಲು ಬೇಕು. ನೆಲಮಾಳಿಗೆಯಲ್ಲಿ ಚೆಕ್ಕಿಗೆ ಸಹಿ ಹಾಕಿ ಬ್ಯಾಂಕಿಗೆ ಒಯ್ದರೆ, ಪೆನ್ನಿನಿಂದ ದುಡ್ಡು ಕಳುವಾಯಿತೆಂದು ಯಾರಾದರೂ ದೂರು ಕೊಡುತ್ತಾರೆಯೇ? ಪೆಟ್ಟಿಗೆಯಲ್ಲಿ ದುಡ್ಡಿತ್ತೆಂದು ಹಟ ಹಿಡಿದರೆ, ಮುದ್ರೆ ಒಡೆಯದೆ ಅದು ಹೊರಬಿದ್ದದ್ದು ಹೇಗೆಂದು ನಿಮ್ಮ ಕಾವಲುಗಾರರು ಉತ್ತರಿಸಬೇಕಾದೀತು. ಇರಲಿಲ್ಲವೆಂದರೆ ನಾನು ಕದ್ದದ್ದೇನನ್ನು?

ಓವನ್ ಬಂದಿದೆ. ಬ್ರೆಡ್ ಚೆನ್ನಾಗಿ ಉಬ್ಬುತ್ತಿದೆ. ನೋಟಿಸು ಓದಿ ನಾನು ಕೂಗಾಡುತ್ತಿದ್ದರೆ ಅಕ್ಕ ಮಾತ್ರ ತಣ್ಣಗೆ, "ಬೈಬೇಡ. ಅವ್ರು ಒತ್ತಿಕೊಳ್ಳಿ ಅನ್ನದೆ ಇದ್ದಿದ್ರೆ ಓವನ್ ಎಲ್ಲಿ ಬರ್ತಿತ್ತು? ಒಂದಿನ ಬೇಕರಿಗೆ ಕರಿ ಅವ್ರನ್ನ," ಎಂದಳು. ಆದ್ದರಿಂದ ನೋಟಿಸನ್ನು ಹಿಂಪಡೆಯಿರಿ, ಆ ನಿಯಮವನ್ನು ತಿದ್ದಿ. ಪೆಟ್ಟಿಗೆಯನ್ನು ತಾವೇ ಖುದ್ದಾಗಿ ಬೇಕರಿಗೆ ತಂದುಕೊಡಿ. ಬೆಳಿಗ್ಗೆ ಬನ್ನಿ, ಬ್ರೆಡ್ ಬಿಸಿಯಾಗಿರುತ್ತದೆ.

ಇಂತಿ,
ಸ್ವಂತ ದುಡ್ಡನ್ನು ಸ್ವಂತ ಬೆರಳಿನಿಂದ ಖರ್ಚು ಮಾಡಿ ಸಿಕ್ಕಿಬಿದ್ದ
ಕನ್ನಡಕ ರಿಪೇರಿಯವಳು