ಮೇಲೆ ನಾನು, ಕೆಳಗೆ ಅಣ್ಣ

ಮೇ 6, ಸಂಜೆ

ಎರಡು ಕಂಬ ಮುಗಿಯಿತು. ಮೈಯೆಲ್ಲ ನುಜ್ಜುಗುಜ್ಜು. ಮೊದಲನೆಯದು ಮರದ ಡಿಪೋ. ಆಫೀಸಿನ ವೈಫೈ ಹಿಂದಿನ ಶೆಡ್ ತಲುಪುವುದಿಲ್ಲ ಎಂದು ಮ್ಯಾನೇಜರ್ ಗೋಳು. ಶೆಡ್ಡಿನ ಮೇಲೆ ಕಂಬ ನಿಲ್ಲಿಸಿ ಬೂಸ್ಟರ್ ಕೂರಿಸಿದೆ. ಆಫೀಸಿನಿಂದ ಬರುವ ಬಡಕಲು ಸಿಗ್ನಲ್ ಹಿಡಿದು, ಬಲ ತುಂಬಿ, ಅಂಗಳಕ್ಕೆಲ್ಲ ಹರಡುತ್ತದೆ. ಡಬ್ಬಿಯ ಮುಖ ಸರಿಯಾದ ಕಡೆಗಿದ್ದರೆ ಮಾತ್ರ. ಒಂದು ಬೆರಳು ಅತ್ತಿತ್ತ ಆದರೂ ಕೆಟ್ಟಿತು. ಎರಡನೆಯದು ಪಶುವೈದ್ಯೆಯ ಕ್ಲಿನಿಕ್, ಅಲ್ಲೂ ಇದೇ ಕೆಲಸ.

ಎಂದಿನಂತೆ ಮೇಲೆ ನಾನು, ಕೆಳಗೆ ಅಣ್ಣ. ಅವನಿಗೆ ಏಣಿಯ ಎರಡನೇ ಮೆಟ್ಟಿಲಿಗೇ ತಲೆಸುತ್ತು. ಲ್ಯಾಪ್‌ಟಾಪ್ ಅವನ ಹತ್ತಿರ, ಸಿಗ್ನಲ್ ಅಂಕಿ ಕಾಣುವುದು ಅವನೊಬ್ಬನಿಗೆ. ನಾನು ತಿರುಗಿಸುವುದು, ಅವನು ಕೂಗುವುದು. "ಎಡಕ್ಕೆ... ಇನ್ನೂ ಎಡಕ್ಕೆ... ಹಾಂ, ಅಲ್ಲೇ!" ಕೂಡಲೇ ಬೋಲ್ಟ್ ಬಿಗಿ. ಫೋನಿನಲ್ಲಿ ಹೇಳಬಹುದಲ್ಲ ಎಂದು ಡಿಪೋದವರ ಪ್ರಶ್ನೆ. ಫೋನ್ ಸಿಗ್ನಲ್ ಹಿಡಿಯುವ ಜಾಗವಾಗಿದ್ದರೆ ನಮ್ಮನ್ನು ಯಾಕೆ ಕರೆಸುತ್ತಿದ್ದಿರಿ ಸ್ವಾಮೀ!

ದೊಡ್ಡ ಸುದ್ದಿ — ಎರಡನೇ ವ್ಯಾನ್ ಬರುತ್ತಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆಯೇ ಓನರ್ ಮೇಡಂ ಅಂಗಡಿಯಲ್ಲಿ ಎಲ್ಲರೆದುರಿಗೇ ಹೇಳಿದರು, ಅದರ ಟೀಮ್ ಲೀಡ್ ನಾನು. ಏಳು ವರ್ಷದಿಂದ ಬಿಸಿಲಲ್ಲಿ ಕರಟಿದ್ದಕ್ಕೆ ಇವತ್ತು ಸಾರ್ಥಕ. ಅಣ್ಣ ನಕ್ಕ. "ಇನ್ಮೇಲೆ ನಿನ್ನ ಮೇಡಂ ಅನ್ಬೇಕೇನೇ?" ಅನ್ನು, ಏನೀಗ ಎಂದೆ.

ಮೇ 17

ಪಶುವೈದ್ಯೆಯ ಕ್ಲಿನಿಕ್‌ನಿಂದ ಕಂಪ್ಲೇಂಟ್. ಹಾಕಿದ ದಿನ ಓಡಿತು, ಮೋಡ ಕವಿದರೆ ಸಾಕು ಮಲಗಿಬಿಡುತ್ತದೆಯಂತೆ. ಆಪರೇಷನ್ ಮಾಡುತ್ತಾ ದೊಡ್ಡ ಡಾಕ್ಟರನ್ನು ವಿಡಿಯೋದಲ್ಲಿ ಕೇಳುತ್ತಿದ್ದರಂತೆ, ಅರ್ಧಕ್ಕೆ ಕಟ್. ನಾಯಿ ಉಳಿಯಿತು, ಪುಣ್ಯ. ಅಣ್ಣ ಸಮಾಧಾನ ಹೇಳಿದ. "ಆಗುತ್ತೆ ಬಿಡೇ. ಮನುಷ್ಯರ ಕೈ ತಾನೆ."

ಮೇ 25

ಡಿಪೋದಿಂದಲೂ ಕಂಪ್ಲೇಂಟ್. ಈಜು ಕಲಿಸುವವರ ಕ್ಲಬ್ಬಿನಿಂದಲೂ. ಮೂರೂ ನನ್ನ ಕೈಯವೇ... ಏನಾಗಿದೆ ನನಗೆ?

ಜೂನ್ 2

ರಾತ್ರಿ ಕೈ ಚಾಚಿ ನೋಡಿಕೊಂಡೆ. ನಡುಗುತ್ತಿದೆ ಅನ್ನಿಸಿತು. ಕಾಫಿ ಬಿಟ್ಟೆ. ಅಣ್ಣನೇ ಒತ್ತಾಯ ಮಾಡಿ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ. ನನ್ನ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದ. ಕಣ್ಣು ಚೆನ್ನಾಗಿದೆ ಎಂದರು ಡಾಕ್ಟರ್. "ಹಾಗಾದ್ರೆ ನರದ್ದೇ ಇರ್ಬೇಕು" ಎಂದ. ಹೆದರಿಕೆಯಾಯಿತು. ಇಂಥ ಅಣ್ಣ ಪಕ್ಕದಲ್ಲಿದ್ದಾನಲ್ಲ ಎಂದು ಕಣ್ಣೂ ತುಂಬಿತು.

ಜೂನ್ 9, ಮಧ್ಯಾಹ್ನ

ಮೇಡಂ ಬಾಗಿಲು ಹಾಕಿ ಮಾತಾಡಿದರು. ಲೀಡ್ ವಿಷಯ ಸದ್ಯಕ್ಕೆ ಬೇಡ. ಕಂಬ ಹತ್ತುವುದೂ ಬೇಡ, ಕೌಂಟರಿನಲ್ಲಿ ಕೂರು.

"ನಾನೇನ್ ತಪ್ಪು ಮಾಡಿದೆ ಹೇಳಿ."

"ನೀನು ಬೋಲ್ಟ್ ಸಡಿಲ ಬಿಡ್ತೀಯಂತೆ. ಗಾಳಿಗೆ ಡಬ್ಬಿ ತಿರುಗಿ ಹೋಗುತ್ತಂತೆ. ನಿಮ್ಮಣ್ಣನೇ ಅಂದ. ಪಾಪ, ಹೇಳಕ್ಕೆ ಎಷ್ಟು ಒದ್ದಾಡಿದ ಗೊತ್ತಾ?"

ಸಡಿಲವೇ! ನನ್ನ ಬೋಲ್ಟು! ಒಂದೇ ಒಂದು ಅವಕಾಶ ಕೊಡಿ, ನಾನೇ ಹೋಗಿ ನೋಡಿ ಬರುತ್ತೇನೆ, ಒಬ್ಬಳೇ ಎಂದೆ. ಅಣ್ಣನಿಗೆ ಹೇಳಬೇಡಿ ಎಂದೂ ಸೇರಿಸಿದೆ. ಯಾಕೆ ಸೇರಿಸಿದೆನೋ.

ಜೂನ್ 11

ಆದದ್ದನ್ನು ಸಾಲಾಗಿ ಬರೆಯುತ್ತೇನೆ.

ಕ್ಲಿನಿಕ್ ತಾರಸಿ ಹತ್ತಿದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಡಬ್ಬಿಯಿಂದ ಕಂಬದವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ಕೆಂಪು ಗೆರೆ ಎಳೆಯುವುದು ನನ್ನ ಪದ್ಧತಿ. ಡಬ್ಬಿ ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡು. ಹತ್ತುವವರಿಗಷ್ಟೇ ಗೊತ್ತಿರುವ ಉಪಾಯ. ಅಣ್ಣ ಮೇಲೆ ಬಂದವನೇ ಅಲ್ಲ, ಬ್ಯಾಗಿನಲ್ಲಿ ಶೀಶೆ ಕಂಡಾಗಲೆಲ್ಲ "ಯಾರಿಗೆ ಈ ಸಿಂಗಾರ?" ಎಂದು ರೇಗಿಸುತ್ತಿದ್ದ, ಅಷ್ಟೆ.

ಗೆರೆ ಹಾಗೇ ಇತ್ತು. ಒಡೆದಿಲ್ಲ. ಡಬ್ಬಿ ಅಲ್ಲಾಡಿಯೇ ಇಲ್ಲ.

ಹಗ್ಗ ಕಟ್ಟಿ ಲ್ಯಾಪ್‌ಟಾಪ್ ಮೇಲೆಳೆದುಕೊಂಡೆ. ಈ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ಎಂಬತ್ತಕ್ಕೆ ಮೇಲಿತ್ತು — ಬಿಸಿಲಿದ್ದರೆ ಏದುಸಿರು ಬಿಟ್ಟುಕೊಂಡು ಓಡುವಷ್ಟು. ಬೋಲ್ಟ್ ಸಡಿಲಿಸಿ ನಿಧಾನವಾಗಿ ಬಲಕ್ಕೆ ತಿರುಗಿಸಿದೆ. ಎಪ್ಪತ್ತು. ಅರವತ್ತು. ಐವತ್ತೆಂಟು... ಅಲ್ಲಿಗೆ ಆವತ್ತು ಬಂದಿದ್ದೆ. ಚೆನ್ನಾಗಿ ನೆನಪಿದೆ, ಎದುರಿಗೆ ನೀರಿನ ಟ್ಯಾಂಕ್ ಕಾಣುತ್ತಿತ್ತು. "ಇನ್ನೂ ಎಡಕ್ಕೆ" ಎಂದು ಕೂಗಿದ್ದ ಅವನು. ಐವತ್ತೆಂಟನ್ನು ಕಣ್ಣಾರೆ ನೋಡಿಕೊಂಡು.

ತಪ್ಪಿರಬಹುದು ಎಂದುಕೊಂಡು ಡಿಪೋಗೂ ಹೋದೆ. ಅಲ್ಲೂ ಗೆರೆ ಇಡಿಯಾಗಿದೆ. ಅಲ್ಲೂ ಹಾಗೇ.

ಶೆಡ್ಡಿನ ತಗಡಿನ ಮೇಲೆ ಕೂತು ಅತ್ತೆ. ತಗಡು ಸುಡುತ್ತಿತ್ತು, ಏಳಲಿಲ್ಲ.

ಜೂನ್ 12

ಕೇಳಿಬಿಟ್ಟೆ, ಅಡುಗೆಮನೆಯಲ್ಲಿ. ಮೊದಲು ನಿನಗೆ ಹುಚ್ಚಾ ಎಂದ. ಗೆರೆಯ ವಿಷಯ ಹೇಳಿದೆ. ಮುಖ ಇಳಿಯಿತು.

"ಹೋದ ವರ್ಷ ಕಾಲು ಜಾರಿ ನೇತಾಡ್ತಿದ್ದೆಯಲ್ಲ, ಮರೆತ್ಯಾ? ಕೆಳಗೆ ನಿಂತು ನೋಡೋನು ನಾನು. ನೀನಾಗೇ ಬಿಡಲಿ ಅಂತ ಮಾಡಿದೆ. ನಿನ್ನ ಒಳ್ಳೇದಕ್ಕೆ."

"ಅದು ಹೋದ ವರ್ಷದ ಮಾತು. ಡಬ್ಬಿ ತಪ್ಪಾಗಿದ್ದು ಮೇ ತಿಂಗಳಲ್ಲಿ. ಮೇಡಂ ನನ್ನ ಲೀಡ್ ಅಂದ ಮೇಲೆ."

ಕೈಯಲ್ಲಿದ್ದ ಲೋಟ ಕುಕ್ಕಿದ. ಆಮೇಲೆ ಒಮ್ಮೆಗೇ — "ತಂಗಿ ಹೇಳ್ದಂಗೆ ಕೇಳ್ಕೊಂಡು ಬಿದ್ದಿರು ಅಂದ್ರೆ ನಾನ್ ಹೇಗ್ ತಲೆ ಎತ್ಕೊಂಡು ಓಡಾಡ್ಲಿ?"

ಅಮ್ಮನ ಕಡೆ ತಿರುಗಿದೆ. ಕೇಳಿದೆಯಾ ಇವನ ಮಾತು ಎನ್ನುವುದಕ್ಕೆ. ಅಮ್ಮ ಒಲೆ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ದೊಡ್ಡದು ಮಾಡ್ಬೇಡ್ವೇ. ನಂಗ್ ಹೇಳಿದ್ದ ಅವ್ನು. ನೀನು ಇಳಿದು ಬಂದ್ರೆ ಸಾಕು ಅಂತ ನಾನೂ ಸುಮ್ನಿದ್ದೆ."

ಕಾಫಿ ಬಿಟ್ಟು ಒದ್ದಾಡುತ್ತಿದ್ದೆನಲ್ಲ, ಆಗ ತಲೆ ಸವರಿ ಬಿಸಿನೀರು ಕೊಟ್ಟಿದ್ದು ಇದೇ ಅಮ್ಮ. ಗೊತ್ತಿದ್ದೂ ಕೊಟ್ಟರು.

ಜೂನ್ 13

ಮೇಡಂಗೆ ಎಲ್ಲ ಹೇಳಿದೆ. ಕಂಬದ ಮೇಲೆ ತೆಗೆದಿದ್ದ ಗೆರೆಯ, ಅಂಕಿಯ ಫೋಟೋ ತೋರಿಸಿದೆ. ಅಣ್ಣ ಕೆಲಸ ಬಿಟ್ಟ. ಬಿಡಿಸಿದರು ಅನ್ನಬೇಕು. ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾರೆ. ತಪ್ಪು ಮಾಡಿದವನಿಗೆ ಬಡಿಸುತ್ತಾರೆ, ನಾನು ತಟ್ಟೆ ನಾನೇ ಹಾಕಿಕೊಳ್ಳಬೇಕು. ಇರಲಿ. ಹೊಟ್ಟೆ ಉರಿಯುತ್ತದೆ, ಆದರೂ ಇರಲಿ.

ಜುಲೈ 4

ಹೊಸ ವ್ಯಾನ್. ಲೀಡ್ ನಾನೇ. ಈ ದಿನಕ್ಕೆ ಕಾಯುತ್ತಿದ್ದೆನಲ್ಲ, ನಗುವೇ ಬರಲಿಲ್ಲ.

ಕೆಳಗೆ ನಿಲ್ಲುವುದಕ್ಕೆ ಒಬ್ಬ ಹೆಂಗಸು ಸೇರಿದ್ದಾಳೆ. ನನಗಿಂತ ಹಿರಿಯಳು, ದಪ್ಪ ಕನ್ನಡಕ, ಮೊದಲು ಟೈಲರ್. ಹೊಲಿಗೆಯವಳ ಕಣ್ಣು, ಅಂಕಿ ಒಂದು ಹೆಚ್ಚು ಕಡಿಮೆ ಆದರೂ ಬಿಡುವುದಿಲ್ಲ. ಗಂಟಲೂ ದೊಡ್ಡದು. "ಅಲ್ಲೇ ಮೇಡಂ, ಅಲ್ಲೇ!" ಎಂದು ಕೂಗಿದಳು. ನಾನು ಸ್ಪ್ಯಾನರ್ ಹಿಡಿದು ಹಾಗೇ ನಿಂತೆ. ಬಿಗಿ ಮಾಡಲು ಆಗಲಿಲ್ಲ. ಬೆಲ್ಟ್ ಬಿಚ್ಚಿ, ಇಳಿದು, ಲ್ಯಾಪ್‌ಟಾಪ್ ನೋಡಿ, ಮತ್ತೆ ಹತ್ತಿದೆ. ಅವಳು ಹೇಳಿದ್ದೇ ಸರಿಯಿತ್ತು.

ಜುಲೈ 10, ರಾತ್ರಿ

ಇವತ್ತೂ ಇಳಿದೆ. ಪ್ರತಿ ಕಂಬದಲ್ಲೂ ಇಳಿಯುತ್ತಿದ್ದೇನೆ. ಅಣ್ಣನ ಮೇಲಿನ ಸಿಟ್ಟು ಒಂದು ದಿನ ಆರೀತು. ಇದು ಹೋಗುತ್ತದೋ ಇಲ್ಲವೋ. ಪಕ್ಕದ ರೂಮಿನಲ್ಲಿ ಅವನು ಫೋನ್ ನೋಡಿಕೊಂಡು ನಗುತ್ತಿದ್ದಾನೆ, ಇಲ್ಲಿಗೆ ಕೇಳಿಸುತ್ತಿದೆ.

ಕನ್ನಡಕದವಳು ಇವತ್ತು ಲ್ಯಾಪ್‌ಟಾಪನ್ನು ನನ್ನ ಕಡೆಗೇ ತಿರುಗಿಸಿ ಹಿಡಿದಳು. "ನೋಡಿ. ನಾನ್ ಹೇಳಿದ್ದೇ ಇದೆ ಅಲ್ವಾ?"

ಇದೆ ಎಂದೆ.

"ಒಂದ್ಸಲ ಆದ್ರೂ ತಪ್ಪು ಹೇಳಿದ್ದೀನಾ?"

ಇಲ್ಲ ಎಂದೆ.

"ಮತ್ಯಾಕೆ ಮೇಡಂ, ಅಷ್ಟೆತ್ತರದಿಂದ ಇಳಿದಿಳಿದು ಬರ್ತೀರಿ? ನಾನೇನ್ ನಿಮ್ಗೆ ಮೋಸ ಮಾಡ್ತೀನಾ? ನಾನ್ಯಾರೋ, ನೀವ್ಯಾರೋ."

ಅದಕ್ಕೇ ಹೇಳೋಣ ಎಂದುಕೊಂಡೆ — ಯಾರೋ ಆಗಿದ್ದರೆ ಎಷ್ಟೋ ವಾಸಿ ಕಣಮ್ಮ, ನನಗೆ ಸ್ವಂತ ಅಣ್ಣನೇ ಸುಳ್ಳು ಕೂಗಿದ್ದ.